ಮಗುವಿರುವ ಮನೆ, ಎಚ್‌ಐವಿ ಇರುವ ಕೆಲಸದಾಕೆ

ಎಚ್‌ಐವಿ ಇರುವ ಮನೆಗೆಲಸದಾಕೆಯಿಂದ ಮಗುವಿಗೆ ಸೋಂಕು ತಗುಲಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಕೂಡಿಬರಬೇಕು. ವೈರಸ್ ಇರುವ ದ್ರವ ಆಕೆಯ ದೇಹದಿಂದ ಹೊರಬರಬೇಕು. ಹೊರಬಂದ ಮೇಲೂ ಅದರಲ್ಲಿನ ವೈರಸ್ ಸಕ್ರಿಯವಾಗಿರಬೇಕು. ಅದು ಸಾಕಷ್ಟು ಪ್ರಮಾಣದಲ್ಲಿ ಮಗುವಿನ ರಕ್ತವನ್ನೋ ಬಾಯಿ, ಕಣ್ಣುಗಳ ಒಳಪೊರೆಯನ್ನೋ ಮುಟ್ಟಬೇಕು. ಕಸ ಗುಡಿಸಿ, ಮುಸುರೆ ತಿಕ್ಕಿ, ಬಟ್ಟೆ ಒಗೆದು, ಅಡುಗೆ ಮಾಡಿ, ಮಗುವಿಗೆ ನೀರು ಹಾಕಿ ತುತ್ತಿಡುವ ದಿನಚರಿಯಲ್ಲಿ ಇಂಥ ಗಳಿಗೆ ಬರುವುದೇ ಇಲ್ಲ ಎನ್ನುವಷ್ಟು ಅಪರೂಪ. ಹೆತ್ತವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಮಗುವಿನ ವಿಷಯದಲ್ಲಿ ಯಾರಿಗಾದರೂ ಜೀವ ಝಲ್ಲೆನ್ನುತ್ತದೆ. ಆದರೆ ಆ ಆತಂಕ ಹಿಡಿಯುವ ದಾರಿಯೂ ವೈರಸ್ ನಿಜವಾಗಿ ಹಿಡಿಯುವ ದಾರಿಯೂ ಬೇರೆ ಬೇರೆ.

ಎಚ್‌ಐವಿ ಸುಮಾರು 100 ನ್ಯಾನೋಮೀಟರ್ ಅಗಲದ ಒಂದು ವೈರಸ್. 1983ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯಲ್ಲಿ ಫ್ರಾನ್ಸ್ವಾಸ್ ಬಾರೆ-ಸಿನುಸಿ, ಲುಕ್ ಮೊಂಟಾನ್ಯೆ ಮತ್ತು ಅವರ ಸಂಗಡಿಗರು ಇದನ್ನು ಮೊದಲು ಪ್ರತ್ಯೇಕಿಸಿದರು. ಇದಕ್ಕೆ ಹೊರಗೊಂದು ಕೊಬ್ಬಿನ ತೆಳುಪೊರೆಯಿದೆ. ಮನುಷ್ಯನ ಸಿಡಿ4 ಎಂಬ ಬಿಳಿರಕ್ತಕಣಗಳಿಗೆ ಅಂಟಿಕೊಂಡು ಒಳನುಗ್ಗಲು ಬೇಕಾದ ಪ್ರೋಟೀನುಗಳು ಆ ಪೊರೆಯಲ್ಲೇ ನಾಟಿಕೊಂಡಿರುತ್ತವೆ. ಪೊರೆ ಕೆಟ್ಟರೆ ವೈರಸ್ಸಿನ ಆಟ ಮುಗಿಯಿತು. ಸೋಪು ಈ ಪೊರೆಯನ್ನು ಕರಗಿಸುತ್ತದೆ, ಬಿಸಿ ಕೆಡಿಸುತ್ತದೆ. ರಕ್ತ ನೆಲದ ಮೇಲೆ ಬಿದ್ದು ಒಣಗತೊಡಗಿದರೆ ಕೆಲವೇ ಗಂಟೆಗಳಲ್ಲಿ ಸಕ್ರಿಯ ವೈರಸ್ಸಿನ ಪ್ರಮಾಣ ಶೇ 90ರಿಂದ 99ರಷ್ಟು ಇಳಿಯುತ್ತದೆಂದು ಪ್ರಯೋಗಾಲಯದ ಅಳತೆಗಳು ತೋರಿಸಿವೆ. ಅದೂ ಆಸ್ಪತ್ರೆಯ ರೋಗಿಗಳಲ್ಲಿ ಕಾಣುವುದಕ್ಕಿಂತ ಎಷ್ಟೋ ಹೆಚ್ಚು ದಟ್ಟವಾದ ವೈರಸ್ ಬಳಸಿ ಮಾಡಿದ ಅಳತೆ. ಮನುಷ್ಯನ ಜೀವಕೋಶದ ಹೊರಗೆ ಎಚ್‌ಐವಿ ಬೆಳೆಯುವುದಿಲ್ಲ. ಹಾಲು, ಅನ್ನ, ನೀರು, ಒದ್ದೆ ಬಟ್ಟೆ ಯಾವುದರಲ್ಲೂ ಅದರ ಸಂಖ್ಯೆ ಹೆಚ್ಚದು. ಸೊಳ್ಳೆಯ ಹೊಟ್ಟೆಯಲ್ಲಿ ಅದು ಜೀರ್ಣವಾಗಿ ಹೋಗುತ್ತದೆ.

ಸೋಂಕು ಹರಡುವಷ್ಟು ವೈರಸ್ ಇರುವುದು ರಕ್ತ, ವೀರ್ಯ, ಯೋನಿ ಮತ್ತು ಗುದದ್ವಾರದ ದ್ರವ ಹಾಗೂ ಎದೆಹಾಲಿನಲ್ಲಿ ಮಾತ್ರ. ಬೆವರು, ಕಣ್ಣೀರು, ಮೂತ್ರ, ಸಿಂಬಳದಿಂದ ಎಚ್‌ಐವಿ ಹರಡದು. ಎಂಜಲಿನ ಬಗ್ಗೆ ಮನೆಗಳಲ್ಲಿ ಹೆಚ್ಚು ಹೆದರಿಕೆಯಿದೆ. ಆದರೆ ಜೊಲ್ಲಿನಲ್ಲಿ ವೈರಸ್ಸಿನ ಪ್ರಮಾಣ ತೀರಾ ಕಡಿಮೆ, ಮೇಲಾಗಿ ಅದನ್ನು ತಡೆಯುವ ಪ್ರೋಟೀನುಗಳೂ ಅಲ್ಲೇ ಇವೆ. ಒಂದೇ ಲೋಟದಲ್ಲಿ ನೀರು ಕುಡಿದರೂ, ಒಂದೇ ತಟ್ಟೆಯಲ್ಲಿ ಉಂಡರೂ, ಮಗುವಿನ ಕೆನ್ನೆಗೆ ಮುತ್ತಿಟ್ಟರೂ ಸೋಂಕು ತಗುಲುವುದಿಲ್ಲ. ಒಂದೇ ಶೌಚಾಲಯ ಬಳಸಿದರೂ ಅಷ್ಟೇ. ಕೆಲಸದಾಕೆಗೆಂದು ಬೇರೆ ಲೋಟ ಎತ್ತಿಡುವ ಪದ್ಧತಿ ಎಚ್‌ಐವಿಗಿಂತ ಬಹಳ ಹಳೆಯದು. ಕಾಯಿಲೆಯ ಹೆಸರು ಅದಕ್ಕೆ ಸಿಕ್ಕ ಹೊಸ ನೆಪ.

ಇದು ಬರೀ ತರ್ಕವಲ್ಲ, ಮನೆಗಳಲ್ಲೇ ಪರೀಕ್ಷಿಸಿ ನೋಡಿದ ವಿಷಯ. ಔಷಧಿಯೇ ಇಲ್ಲದಿದ್ದ ಕಾಲದಲ್ಲಿ, ನ್ಯೂಯಾರ್ಕ್‌ನ ವೈದ್ಯರು 39 ಮಂದಿ ರೋಗಿಗಳ ಮನೆಯವರನ್ನು ಅಧ್ಯಯನ ಮಾಡಿ 1986ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳ ಜೊತೆಗೇ ಬದುಕಿದ್ದ 101 ಮಂದಿಯನ್ನು ಅವರು ಪರೀಕ್ಷಿಸಿದ್ದರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಬಹುಪಾಲು ಬಡ ಕುಟುಂಬಗಳು, ಇಕ್ಕಟ್ಟಿನ ಮನೆಗಳು. ತಟ್ಟೆ ಲೋಟ, ಟವೆಲ್ಲು, ಹಾಸಿಗೆ, ಬಚ್ಚಲು ಎಲ್ಲವೂ ಹಂಚಿಕೆಯಲ್ಲೇ ನಡೆದಿದ್ದವು. ಅಪ್ಪಿಕೊಳ್ಳುವುದು, ಮುತ್ತಿಡುವುದು, ಸ್ನಾನ ಮಾಡಿಸುವುದು ಯಾವುದೂ ನಿಂತಿರಲಿಲ್ಲ. 101 ಮಂದಿಯಲ್ಲಿ ಸೋಂಕು ಕಂಡದ್ದು ಒಂದೇ ಮಗುವಿಗೆ. ಆ ಮಗುವಿಗೂ ಅದು ಬಂದದ್ದು ಹುಟ್ಟುವ ಹೊತ್ತಿನಲ್ಲಿ ತಾಯಿಯಿಂದ ಎಂಬುದೇ ವೈದ್ಯರ ತೀರ್ಮಾನವಾಯಿತು. ಮುಂದೆ ಅಮೆರಿಕದಲ್ಲಿ 1990ರ ದಶಕದ ಆರಂಭದಲ್ಲಿ ಮನೆಯೊಳಗೆ ಸೋಂಕು ದಾಟಿದ ಬೆರಳೆಣಿಕೆಯ ಪ್ರಕರಣಗಳು ದಾಖಲಾದವು. ಅಲ್ಲಿ ರೇಜರ್ ಹಂಚಿಕೊಂಡಿದ್ದೋ, ರೋಗಿಯ ರಕ್ತ ಅಥವಾ ಹುಣ್ಣಿನ ಸ್ರಾವ ಕೈಗವಸಿಲ್ಲದೆ ಚರ್ಮಕ್ಕೆ ಮುಟ್ಟಿದ್ದೋ ಕಾರಣವಾಗಿತ್ತು. ತುತ್ತು, ಲೋಟ, ಟವೆಲ್ಲಿನಿಂದ ಬಂದ ಸೋಂಕು ಅಲ್ಲಿರಲಿಲ್ಲ.

ಹಾಗಾದರೆ ಗಮನ ಕೊಡಬೇಕಾದ ಒಂದು ವಿಷಯ ರಕ್ತ. ಈಳಿಗೆಮಣೆಯ ಮೇಲೆ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದು ಒಂದು ಹನಿ ರಕ್ತ ತರಕಾರಿಗೆ ಬಿತ್ತು ಎನ್ನೋಣ. ಆ ಹೋಳುಗಳು ಹುಳಿಯಲ್ಲಿ ಕುದಿಯುವಾಗ ವೈರಸ್ ಉಳಿಯುವುದಿಲ್ಲ. ಕೋಸಂಬರಿಗೆ ಹೆಚ್ಚಿದ ಸೌತೆಕಾಯಿಯೇ ಆಗಿದ್ದರೂ ಗಾಳಿ, ನಿಂಬೆಹುಳಿ, ಹೊಟ್ಟೆಯ ಆಮ್ಲ ಇವನ್ನೆಲ್ಲ ದಾಟಿ ಸೋಂಕು ತಗುಲುವ ಸಾಧ್ಯತೆ ನಗಣ್ಯ. ರಕ್ತ ಬಿದ್ದ ತರಕಾರಿಯನ್ನು ಎಸೆಯಬೇಕು, ಗಾಯ ತೊಳೆದು ಪಟ್ಟಿ ಕಟ್ಟಬೇಕು. ಯಾರ ಬೆರಳು ಕೊಯ್ದಿದ್ದರೂ ಮಾಡಬೇಕಾದದ್ದು ಇಷ್ಟೇ. ಗಾಯವಿಲ್ಲದ ಚರ್ಮದ ಮೇಲೆ ರಕ್ತದ ಹನಿ ಬಿದ್ದರೆ ತೊಳೆದರೆ ಸಾಕು. ಗಂಡಾಂತರ ಹೆಚ್ಚಿರುವುದು ಸೂಜಿಯಲ್ಲಿ. ಸಿರಿಂಜಿನ ಒಳಗೆ ಗಾಳಿ ಸೋಕದೆ ಉಳಿದ ರಕ್ತದಲ್ಲಿ ವೈರಸ್ ವಾರಗಟ್ಟಲೆ ಉಳಿಯಬಲ್ಲದು. ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆಯದ ರೋಗಿಗೆ ಚುಚ್ಚಿದ ಸೂಜಿ ಆಗಿಂದಾಗಲೇ ದಾದಿಯ ಕೈಗೆ ಚುಚ್ಚಿದ ಸಂದರ್ಭಗಳಲ್ಲೂ ಸೋಂಕು ದಾಟುವುದು ಸುಮಾರು ಸಾವಿರಕ್ಕೆ ಮೂರು ಸಲ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ಅದೇ ಬಗೆಯ ಚುಚ್ಚುವಿಕೆಯಿಂದ ನೂರಕ್ಕೆ ಮೂವತ್ತರವರೆಗೂ ತಗುಲಬಲ್ಲದು. ಒಣಗಿದ ರಕ್ತದಲ್ಲಿ ಅದು ವಾರದವರೆಗೆ ಬದುಕಿರುತ್ತದೆ. ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ಪೂರ್ತಿಯಾಗಿದೆಯೇ ಎಂದು ಕಾರ್ಡು ತೆಗೆದು ನೋಡುವುದು, ಕೆಲಸದಾಕೆಯ ರಕ್ತಪರೀಕ್ಷೆಗೆ ಒತ್ತಾಯಿಸುವುದಕ್ಕಿಂತ ಮಗುವಿಗೆ ಎಷ್ಟೋ ಪಾಲು ಉಪಕಾರಿ.

ಎಳೆಯ ಮಕ್ಕಳು ಕಚ್ಚುವುದು ಸಾಮಾನ್ಯ. ಹಲ್ಲು ಮೂಡುವ ವಯಸ್ಸಿನ ಮಗು ಎತ್ತಿಕೊಂಡವರ ಭುಜವನ್ನೋ ಕೈಯನ್ನೋ ಕಚ್ಚಿಬಿಡುತ್ತದೆ. ಚರ್ಮ ಹರಿಯದಿದ್ದರೆ ಏನೂ ಆಗದು. ಕಚ್ಚಿದ್ದರಿಂದ ಎಚ್‌ಐವಿ ಹರಡಿದ ಪ್ರಕರಣಗಳು ಇಡೀ ಜಗತ್ತಿನಲ್ಲೇ ವಿರಳ, ಅವೂ ಹೆಚ್ಚಾಗಿ ಮಾಂಸ ಹರಿದು ರಕ್ತ ಸುರಿದಂಥವು.

ಮಕ್ಕಳನ್ನು ನೋಡಿಕೊಳ್ಳುವವರ ವಿಷಯದಲ್ಲಿ ವಿಜ್ಞಾನ ನಿಜವಾಗಿಯೂ ಬೆರಳು ಮಾಡಿ ತೋರಿಸುವ ರೂಢಿಗಳು ಎರಡು. ಒಂದು, ತಾಯಿಯ ಹಾಲು ಸಾಲದಾಗ ಬೇರೆ ಹೆಂಗಸಿನಿಂದ ಮಗುವಿಗೆ ಮೊಲೆಯೂಡಿಸುವುದು. ಎಚ್‌ಐವಿ ಎದೆಹಾಲಿನಲ್ಲಿ ಹರಿಯುತ್ತದೆ. ಚಿಕಿತ್ಸೆಯಿಲ್ಲದೆ ಹೋದರೆ ಗರ್ಭ, ಹೆರಿಗೆ, ಹಾಲೂಡಿಕೆ ಮೂರೂ ಸೇರಿ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಂಭವ ಶೇ 15ರಿಂದ 45 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಸರಿಯಾದ ಚಿಕಿತ್ಸೆ ಸಿಕ್ಕರೆ ಅದು ಶೇ 5ಕ್ಕಿಂತ ಕೆಳಗಿಳಿಯುತ್ತದೆ. ಎದೆಹಾಲಿನ ಬ್ಯಾಂಕುಗಳು ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸಿಯೇ ಕೊಡುವುದು ಇಂಥ ಕಾರಣಗಳಿಗೆ. ಮನೆಗೆಲಸದ ಕರಾರಿನಲ್ಲಿ ಹಾಲೂಡಿಕೆ ಸೇರಿರುವುದಿಲ್ಲವಾದ್ದರಿಂದ ಬಹುತೇಕ ಮನೆಗಳಲ್ಲಿ ಈ ಪ್ರಶ್ನೆಯೇ ಏಳದು.

ಎರಡನೆಯದು ಹೆಚ್ಚು ನವಿರಾದ ವಿಷಯ: ಆಹಾರವನ್ನು ತಾವು ಅಗಿದು ಮೆತ್ತಗೆ ಮಾಡಿ ಮಗುವಿನ ಬಾಯಿಗಿಡುವ ಹಳೆಯ ರೂಢಿ. ಚಪಾತಿ ಚೂರನ್ನೋ ಗಟ್ಟಿ ಹಣ್ಣನ್ನೋ ಹೀಗೆ ತಿನ್ನಿಸುವ ಅಜ್ಜಿಯರು, ಆಯಾಗಳು ಈಗಲೂ ಇದ್ದಾರೆ. ಪ್ರೀತಿಯಿಂದಲೇ ಮಾಡುವ ಕೆಲಸ ಅದು. ಅಮೆರಿಕದಲ್ಲಿ ಮೂರು ಮಕ್ಕಳಿಗೆ ಈ ದಾರಿಯಲ್ಲಿ ಎಚ್‌ಐವಿ ಬಂದಿರಬೇಕೆಂದು 2009ರಲ್ಲಿ ಮಕ್ಕಳ ವೈದ್ಯರು ವರದಿ ಮಾಡಿದರು. ಇಲ್ಲಿ ಜೊಲ್ಲು ನೆಪ ಮಾತ್ರ, ಅಸಲು ಕಾರಣ ರಕ್ತ. ಅಗಿಯುವವರ ವಸಡಿನಲ್ಲಿ ರಕ್ತ ಒಸರುತ್ತಿದ್ದು, ಮಗುವಿನ ಬಾಯಲ್ಲಿ ಹಲ್ಲು ಮೂಡಿದ ಗಾಯವೋ ಹುಣ್ಣೋ ಇದ್ದರೆ, ರಕ್ತ ಬೆರೆತ ಬಿಸಿ ತುತ್ತು ಒಣಗಲೂ ಸಮಯವಿಲ್ಲದೆ ನೇರವಾಗಿ ಗಾಯಕ್ಕೆ ಮುಟ್ಟುತ್ತದೆ. ಆರಂಭದಲ್ಲಿ ಹೇಳಿದ ಮೂರು ಸಂಗತಿಗಳೂ ಕೂಡಿಬರುವ ಅಪರೂಪದ ಸಂದರ್ಭವಿದು. ಪರಿಹಾರ ಬಹಳ ಸುಲಭ. ಅಗಿದ ತುತ್ತನ್ನು ಮಗುವಿಗೆ ಯಾರೂ ಕೊಡಬಾರದು, ಅಜ್ಜಿಯೂ ಸೇರಿದಂತೆ. ಹಲ್ಲಿನ ಹುಳುಕಿಗೆ ಕಾರಣವಾಗುವ ಬ್ಯಾಕ್ಟೀರಿಯಾದಿಂದ ಹಿಡಿದು ಹೊಟ್ಟೆ ಹುಣ್ಣಿನ ಬ್ಯಾಕ್ಟೀರಿಯಾದವರೆಗೆ ಅನೇಕವು ಇದೇ ತುತ್ತಿನಲ್ಲಿ ದಾಟಬಲ್ಲವು. ರಾಗಿ ಸರಿ, ಕಿವುಚಿದ ಬಾಳೆಹಣ್ಣು, ಮಿಕ್ಸಿಯಲ್ಲಿ ರುಬ್ಬಿದ ಬೇಳೆ ಅನ್ನ ಇರುವ ಮನೆಯಲ್ಲಿ ಆ ರೂಢಿಯ ಅಗತ್ಯವೂ ಇಲ್ಲ.

ಇಷ್ಟು ಹೊತ್ತು ಹೇಳಿದ್ದು ಚಿಕಿತ್ಸೆ ಪಡೆಯದವರಿಗೂ ಅನ್ವಯಿಸುವ ಮಾತು. ಚಿಕಿತ್ಸೆ ಸೇರಿದರೆ ಲೆಕ್ಕವೇ ಬದಲಾಗುತ್ತದೆ. ಭಾರತದಲ್ಲಿ ಮೊದಲ ಸೋಂಕುಗಳು 1986ರಲ್ಲಿ ಚೆನ್ನೈನಲ್ಲಿ ಸುನಿತಿ ಸಾಲೊಮನ್ ಮತ್ತು ಸೆಲ್ಲಪ್ಪನ್ ನಿರ್ಮಲಾ ಅವರ ಶೋಧದಿಂದ ಬೆಳಕಿಗೆ ಬಂದವು. ಆಗ ಎಚ್‌ಐವಿ ಎಂದರೆ ಸಾವಿನ ಚೀಟಿ ಎಂಬ ಭಾವನೆಯಿತ್ತು. ಜನರ ಮನಸ್ಸಿನಲ್ಲಿ ಇಂದಿಗೂ ಉಳಿದಿರುವುದು ಆ ಕಾಲದ ಚಿತ್ರವೇ. ಆದರೆ 2004ರ ಏಪ್ರಿಲ್‌ನಿಂದ ಎಚ್‌ಐವಿ ಚಿಕಿತ್ಸೆ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಔಷಧಿ ಉಚಿತ. 2017ರಿಂದ ಸೋಂಕು ಗೊತ್ತಾದ ಎಲ್ಲರಿಗೂ, ಸಿಡಿ4 ಎಣಿಕೆ ಎಷ್ಟೇ ಇರಲಿ, ಚಿಕಿತ್ಸೆ ಶುರುಮಾಡುತ್ತಾರೆ. ಈಗ ಹೆಚ್ಚಿನವರು ನುಂಗುವುದು ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ ದಿನಕ್ಕೊಂದೇ ಮಾತ್ರೆ. ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು 25 ಲಕ್ಷ. ಮಹಾರಾಷ್ಟ್ರ, ಆಂಧ್ರಪ್ರದೇಶದ ಜೊತೆಗೆ ಕರ್ನಾಟಕವೂ ಇಂಥವರ ಸಂಖ್ಯೆ ಹೆಚ್ಚಿರುವ ರಾಜ್ಯ. ಎಂದರೆ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಯ ಮನೆಗಳಲ್ಲಿ ಇಂಥ ಹೆಂಗಸರು ಈಗಾಗಲೇ ದುಡಿಯುತ್ತಿದ್ದಾರೆ, ಮಕ್ಕಳನ್ನು ಎತ್ತಿ ಆಡಿಸುತ್ತಿದ್ದಾರೆ. ಅನೇಕರಿಗೆ ಸೋಂಕು ಬಂದದ್ದು ಗಂಡನಿಂದ, ಕೆಲಸ ಹಿಡಿಯಬೇಕಾಗಿ ಬಂದದ್ದು ಗಂಡ ತೀರಿಹೋದ ಮೇಲೆ.

ಮಾತ್ರೆ ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ಸಿನ ಪ್ರಮಾಣ, ಅಂದರೆ ವೈರಲ್ ಲೋಡ್, ಸಾಮಾನ್ಯವಾಗಿ ಆರು ತಿಂಗಳೊಳಗೆ ಪರೀಕ್ಷೆಗೂ ಸಿಗದಷ್ಟು ಇಳಿಯುತ್ತದೆ. ಇದರ ಪರಿಣಾಮವನ್ನು ಅತಿ ಕಠಿಣ ಸಂದರ್ಭದಲ್ಲೇ, ಅಂದರೆ ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ದಂಪತಿಗಳಲ್ಲೇ ಅಳೆದು ನೋಡಿದ್ದಾರೆ. ಒಂಬತ್ತು ದೇಶಗಳ 1,763 ಜೋಡಿಗಳು ಭಾಗವಹಿಸಿದ ಎಚ್‌ಪಿಟಿಎನ್ 052 ಅಧ್ಯಯನದಲ್ಲಿ ಚೆನ್ನೈ ಮತ್ತು ಪುಣೆಯವರೂ ಇದ್ದರು. ಬೇಗ ಚಿಕಿತ್ಸೆ ಕೊಟ್ಟರೆ ಸಂಗಾತಿಗೆ ಸೋಂಕು ದಾಟುವುದು ಶೇ 96ರಷ್ಟು ತಗ್ಗುತ್ತದೆಂದು 2011ರಲ್ಲಿ ಗೊತ್ತಾಯಿತು. ಯುರೋಪಿನ ಪಾರ್ಟ್‌ನರ್-2 ಅಧ್ಯಯನ 2019ರಲ್ಲಿ ಪ್ರಕಟವಾದಾಗ, ವೈರಲ್ ಲೋಡ್ 200ಕ್ಕಿಂತ ಕೆಳಗಿದ್ದವರಿಂದ ಅವರ ಸಂಗಾತಿಗೆ ಕಾಂಡೋಮಿಲ್ಲದೆಯೂ ಒಂದು ಸಲವೂ ಸೋಂಕು ದಾಟಿರಲಿಲ್ಲ. ದಾಂಪತ್ಯದಲ್ಲೇ ದಾಟದ ವೈರಸ್ ಮುಸುರೆ ತಿಕ್ಕುವ ಕೈಯಿಂದ ಮಗುವಿಗೆ ದಾಟೀತು ಎನ್ನುವುದಕ್ಕೆ ಯಾವ ಆಧಾರವೂ ಇಲ್ಲ.

ಹೆತ್ತವರ ಹಿತವೂ ಕೆಲಸದಾಕೆಯ ಹಿತವೂ ಒಂದಾಗುವುದು ಈ ಜಾಗದಲ್ಲಿ. ಕೆಲಸ ಹೋದೀತು ಎಂಬ ಹೆದರಿಕೆಯಿದ್ದಾಗ ಮಾತ್ರೆಯ ಡಬ್ಬಿ ಸೆರಗಿನ ಮರೆ ಸೇರುತ್ತದೆ. ಎಆರ್‌ಟಿ ಕೇಂದ್ರಕ್ಕೆ ಹೋಗುವ ದಿನ ರಜೆ ಕೇಳಲು ಬಾಯಿ ಬರುವುದಿಲ್ಲ, ಮಾತ್ರೆ ತಪ್ಪುತ್ತದೆ. ಮಾತ್ರೆ ತಪ್ಪಿದರೆ ವೈರಸ್ ಮತ್ತೆ ಏರುತ್ತದೆ, ಔಷಧಿಗೆ ಬಗ್ಗದ ತಳಿಗಳೂ ಹುಟ್ಟಿಕೊಳ್ಳುತ್ತವೆ. ಆಕೆಯನ್ನು ಹೆದರಿಸಿದಷ್ಟೂ ಮನೆಯವರು ತಮಗೆ ಬೇಡವಾದ ಸ್ಥಿತಿಯನ್ನೇ ಹತ್ತಿರ ತಂದುಕೊಂಡಂತೆ.

ಕೆಲಸಕ್ಕೆ ಸೇರಿಸಿಕೊಳ್ಳುವ ಮುನ್ನ ರಕ್ತಪರೀಕ್ಷೆ ಮಾಡಿಸಿಬಿಟ್ಟರೆ ನಿಶ್ಚಿಂತೆ ಎಂದುಕೊಳ್ಳುವವರು ಬಹಳ. ಆದರೆ ಸೋಂಕು ತಗುಲಿದ ಮೊದಲ ವಾರಗಳಲ್ಲಿ ರಕ್ತದಲ್ಲಿ ವೈರಸ್ ಅತಿ ಹೆಚ್ಚಿದ್ದರೂ ಪ್ರತಿಕಾಯ ಪರೀಕ್ಷೆಯಲ್ಲಿ ಅದು ಕಾಣದೆ ಹೋಗಬಹುದು. ಕೆಲವರಲ್ಲಿ ಈ ಅವಧಿ ಮೂರು ತಿಂಗಳವರೆಗೂ ಎಳೆಯುತ್ತದೆ. ಇಂದು ‘ನೆಗೆಟಿವ್’ ಎಂದ ಚೀಟಿ ಮುಂದಿನ ವರ್ಷಕ್ಕೆ ಏನನ್ನೂ ಹೇಳದು. ಮನೆಯ ಡ್ರೈವರ್, ಟ್ಯೂಷನ್ ಮಾಸ್ತರು, ನೆಂಟರು, ಸ್ವತಃ ಹೆತ್ತವರು ಯಾರೂ ಆ ಪರೀಕ್ಷೆಗೆ ಒಳಗಾಗಿರುವುದಿಲ್ಲ. ಈ ಕಾರಣಕ್ಕಾಗಿಯೇ 1980ರ ದಶಕದ ನಡುವಿನಿಂದ ವೈದ್ಯಲೋಕ ಎಲ್ಲರ ರಕ್ತವನ್ನೂ ಸೋಂಕಿರುವ ರಕ್ತದಂತೆಯೇ ಎಚ್ಚರಿಕೆಯಿಂದ ಮುಟ್ಟುವ ನಿಯಮಕ್ಕೆ ಬಂತು. ಮನೆಗೂ ಅದೇ ನಿಯಮ ಒಳ್ಳೆಯದು.

ಕಾನೂನು ಕೂಡ ಪರೀಕ್ಷೆಯ ಒತ್ತಾಯವನ್ನು ಒಪ್ಪುವುದಿಲ್ಲ. ಸಾರ್ವಜನಿಕ ವಲಯದ ಸಂಸ್ಥೆಯೊಂದು ದಿನಗೂಲಿ ಕಾರ್ಮಿಕನಿಗೆ ಎಚ್‌ಐವಿ ಇದೆಯೆಂದು ಕೆಲಸ ನಿರಾಕರಿಸಿದಾಗ, ದುಡಿಯಲು ಶಕ್ತನಾಗಿದ್ದು ಇತರರಿಗೆ ಅಪಾಯ ತರದವನನ್ನು ಸೋಂಕಿನ ಕಾರಣಕ್ಕೆ ಹೊರಗಿಡುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 1997ರಲ್ಲೇ ತೀರ್ಪಿತ್ತಿತ್ತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯ ಷರತ್ತು ಹಾಕುವುದನ್ನು ಅದು ತಾರತಮ್ಯವೆಂದು ಪರಿಗಣಿಸುತ್ತದೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯುವುದಾದರೆ, ಆ ವ್ಯಕ್ತಿಯಿಂದ ಗಣನೀಯ ಅಪಾಯವಿದೆ ಅಥವಾ ಆತ ಕೆಲಸಕ್ಕೆ ಅಶಕ್ತ ಎಂದು ಸ್ವತಂತ್ರ ವೈದ್ಯರು ಬರೆದುಕೊಟ್ಟಿರಬೇಕು. ಮನೆಗೆಲಸದ ವಿಷಯದಲ್ಲಿ ಹೀಗೆ ಬರೆಯಲು ವೈದ್ಯಶಾಸ್ತ್ರದಲ್ಲಿ ಆಧಾರ ಹುಡುಕುವುದು ಕಷ್ಟ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2011ರ ಶಿಫಾರಸು ಇನ್ನೂ ನೇರವಾಗಿದೆ: ಮನೆಗೆಲಸದವರಿಂದ ಎಚ್‌ಐವಿ ಪರೀಕ್ಷೆಯನ್ನಾಗಲಿ ಬಸಿರಿನ ಪರೀಕ್ಷೆಯನ್ನಾಗಲಿ ಬಯಸಕೂಡದು. ಕೊಲ್ಲಿ ರಾಷ್ಟ್ರಗಳ ನಡೆ ಇದಕ್ಕೆ ತದ್ವಿರುದ್ಧ. ಅಲ್ಲಿಗೆ ದುಡಿಯಲು ಹೋಗುವವರು, ಕರ್ನಾಟಕದ ಕರಾವಳಿಯವರೂ ಸೇರಿ, ವೀಸಾಕ್ಕೆ ಮೊದಲೇ ಈ ಪರೀಕ್ಷೆಗೆ ಒಳಗಾಗಬೇಕು.

ಎಚ್‌ಐವಿಯ ಮೇಲೆ ನೆಟ್ಟ ಕಣ್ಣು ಬೇರೆ ಕಾಯಿಲೆಗಳನ್ನು ಮರೆಸುತ್ತದೆ. ಮನೆಯೊಳಗೆ ದೊಡ್ಡವರಿಂದ ಮಕ್ಕಳಿಗೆ ನಿಜವಾಗಿ ದಾಟುವುದು ಕ್ಷಯ, ಫ್ಲೂ, ನಾಯಿಕೆಮ್ಮು, ವಾಂತಿಭೇದಿ. ಇವುಗಳಲ್ಲಿ ಕ್ಷಯಕ್ಕೂ ಎಚ್‌ಐವಿಗೂ ನಂಟಿದೆ. ಎಚ್‌ಐವಿ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು 16 ಪಟ್ಟು. ಕ್ಷಯ ಕೆಮ್ಮಿನ ಗಾಳಿಯಲ್ಲಿ ಹರಡುತ್ತದೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಮಿದುಳಿನ ಪೊರೆಗೂ ಇಳಿಯಬಲ್ಲದು. ಹುಟ್ಟಿದೊಡನೆ ಹಾಕುವ ಬಿಸಿಜಿ ಲಸಿಕೆ ತಡೆಯುವುದು ಮುಖ್ಯವಾಗಿ ಇಂಥ ತೀವ್ರ ರೂಪಗಳನ್ನು. ಇಲ್ಲಿ ಒಂದು ಅಂಶ ಅನೇಕರ ಗಮನಕ್ಕೆ ಬಂದಿಲ್ಲ. ಎಆರ್‌ಟಿ ಕೇಂದ್ರದಲ್ಲಿ ಪ್ರತಿ ಭೇಟಿಯಲ್ಲೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು ಈ ನಾಲ್ಕನ್ನೂ ಕೇಳುತ್ತಾರೆ. ಅನುಮಾನ ಬಂದರೆ ಕಫ ಪರೀಕ್ಷೆ ಮಾಡಿಸುತ್ತಾರೆ, ಕ್ಷಯವಿಲ್ಲದಿದ್ದರೆ ಅದು ಬಾರದಂತೆ ಮಾತ್ರೆಯನ್ನೂ ಕೊಡುತ್ತಾರೆ. ಮನೆಯ ಬೇರೆ ಯಾರ ಮೇಲೂ ಇಂಥ ನಿಗಾ ಇರುವುದಿಲ್ಲ. ಎರಡು ವಾರ ದಾಟಿದ ಕೆಮ್ಮು ತಾತನದಾಗಲಿ ಅಡುಗೆಯವರದಾಗಲಿ, ಕಫ ಪರೀಕ್ಷೆ ಆಗಲೇಬೇಕು.

ಕಾಯಿಲೆ ಎದುರು ದಿಕ್ಕಿನಲ್ಲಿಯೂ ದಾಟುತ್ತದೆ. ಮಗು ಶಾಲೆಯಿಂದ ಸೀತಾಳೆ ಸಿಡುಬನ್ನೋ ದಡಾರವನ್ನೋ ಹೊತ್ತು ತಂದರೆ, ಸಿಡಿ4 ಎಣಿಕೆ 200ಕ್ಕಿಂತ ಇಳಿದಿರುವ ಹೆಂಗಸಿಗೆ ಅದು ಪ್ರಾಣಕ್ಕೇ ಎರವಾಗಬಹುದು, ಶ್ವಾಸಕೋಶಕ್ಕೆ ಇಳಿಯಬಹುದು. ಸೀತಾಳೆ ಸಿಡುಬಾದರೆ ಮಗುವಿನ ಗುಳ್ಳೆಗಳೆಲ್ಲ ಹಕ್ಕಳೆಗಟ್ಟುವವರೆಗೆ ಆಕೆಯನ್ನು ಸಂಬಳ ಹಿಡಿಯದೆ ತನ್ನ ಮನೆಯಲ್ಲೇ ಇರಲು ಬಿಡುವುದು ಸರಿಯಾದ ಕ್ರಮ. ಬೆಕ್ಕಿನ ಮಲದಲ್ಲಿರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯೂ ರೋಗನಿರೋಧಕ ಶಕ್ತಿ ಕುಂದಿದವರ ಮಿದುಳಿಗೆ ಕೆಡುಕು ಮಾಡಬಲ್ಲದು. ಬೆಕ್ಕಿನ ಮಲ ಬಳಿಯುವ ಕೆಲಸ ಬೇರೆಯವರದಾದರೆ ಒಳ್ಳೆಯದು.

ಮನೆಯಲ್ಲಿ ಇಟ್ಟುಕೊಳ್ಳಬೇಕಾದ ವ್ಯವಸ್ಥೆ ದೊಡ್ಡದೇನಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಅಡುಗೆಮನೆಯಲ್ಲಿ ಎಲ್ಲರ ಕೈಗೆ ಎಟುಕುವಂತಿರಬೇಕು. ನೆಲಕ್ಕೆ ರಕ್ತ ಬಿದ್ದರೆ ಕೈಗವಸು ಹಾಕಿಕೊಂಡು ಕಾಗದದಿಂದ ಒರೆಸಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಸುರಿದು, ಸ್ವಲ್ಪ ಹೊತ್ತು ಬಿಟ್ಟು ತೊಳೆಯಬೇಕು. ಒಡೆದ ಗಾಜು, ಬ್ಲೇಡು, ಮಧುಮೇಹಿಗಳ ಇನ್ಸುಲಿನ್ ಸೂಜಿ ಗಟ್ಟಿ ಡಬ್ಬಿಯಲ್ಲಿ ಹೋಗಬೇಕು. ಕಸದ ಚೀಲದಲ್ಲಿ ಬಿಟ್ಟ ಸೂಜಿ ಚುಚ್ಚುವುದು ಹೆಚ್ಚಾಗಿ ಕೆಲಸದಾಕೆಗೆ, ಪೌರಕಾರ್ಮಿಕರಿಗೆ. ರೇಜರ್, ಹಲ್ಲುಜ್ಜುವ ಬ್ರಷ್ ಒಬ್ಬೊಬ್ಬರಿಗೂ ಬೇರೆ. ಇಷ್ಟೆಲ್ಲ ಆಗಿಯೂ ಒಬ್ಬರ ರಕ್ತ ಇನ್ನೊಬ್ಬರ ತೆರೆದ ಗಾಯಕ್ಕೋ ಕಣ್ಣಿಗೋ ತಾಗಿದರೆ ಗಾಯವನ್ನು ಸೋಪು ನೀರಿನಲ್ಲಿ, ಕಣ್ಣನ್ನು ಬರೀ ನೀರಿನಲ್ಲಿ ತೊಳೆದು ಕೂಡಲೇ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ಅಗತ್ಯವೆನಿಸಿದರೆ ಸೋಂಕು ತಡೆಯುವ ಮಾತ್ರೆಯನ್ನು 28 ದಿನ ಕೊಡುತ್ತಾರೆ. ಅದು ಮೊದಲ ಎರಡು ಗಂಟೆಯಲ್ಲಿ ಶುರುವಾದರೆ ಉತ್ತಮ, 72 ಗಂಟೆ ದಾಟಿದರೆ ಪ್ರಯೋಜನವಿಲ್ಲ.

ಕೆಲಸದಾಕೆ ತಾನಾಗಿ ವಿಷಯ ಹೇಳಿಕೊಂಡರೆ ಆ ಮಾತು ಆ ಮನೆಯಲ್ಲೇ ಉಳಿಯಬೇಕು. ಒಂದೇ ಬಡಾವಣೆಯ ಮೂರು ನಾಲ್ಕು ಮನೆಗಳಲ್ಲಿ ದುಡಿಯುವ ಹೆಂಗಸಿನ ಬಗ್ಗೆ ವಸತಿ ಸಮುಚ್ಚಯದ ವಾಟ್ಸ್‌ಆ್ಯಪ್ ಗುಂಪಿಗೆ ಹೋದ ಒಂದು ಸಂದೇಶ ಆಕೆಯ ಎಲ್ಲ ಮನೆಗಳ ಬಾಗಿಲನ್ನೂ ಒಂದೇ ದಿನ ಮುಚ್ಚಿಸಬಲ್ಲದು. ವೈದ್ಯರಾಗಲಿ ಆಪ್ತಸಮಾಲೋಚಕರಾಗಲಿ ಆಕೆಯ ಸೋಂಕಿನ ವಿವರವನ್ನು ಕೆಲಸ ಕೊಟ್ಟವರಿಗೆ ತಿಳಿಸುವಂತಿಲ್ಲ. ಎಚ್‌ಐವಿ ಇರುವವರ ವಿರುದ್ಧ ದ್ವೇಷ ಹರಡುವ ಮಾತು, ಬರಹಗಳಿಗೆ ಕಾಯ್ದೆಯಲ್ಲಿ 3 ತಿಂಗಳಿಂದ 2 ವರ್ಷದವರೆಗೆ ಜೈಲು ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅವಕಾಶವಿದೆ. ತಾರತಮ್ಯದ ದೂರುಗಳನ್ನು ಕೇಳಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್ ಒಬ್ಬರನ್ನು ನೇಮಿಸಬೇಕು. ಹೆತ್ತವರಲ್ಲಿ ಇನ್ನೂ ಸಂದೇಹ ಉಳಿದಿದ್ದರೆ ಮಗುವಿನ ವೈದ್ಯರನ್ನು ಕೇಳಬಹುದು. ಅದಕ್ಕೆ ಕೆಲಸದಾಕೆಯ ಹೆಸರು ಹೇಳಬೇಕಾಗಿಲ್ಲ. ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಉಚಿತ. ಅಲ್ಲಿ ಕೆಲಸ ಕೊಟ್ಟವರೂ ಕೆಲಸ ಮಾಡುವವರೂ ತಮ್ಮ ಗುರುತು ಹೇಳದೆಯೇ ಮಾತಾಡಬಹುದು.